ದೊಡ್ಡವ್ವ ಬೆರಳಿಟ್ಟರೆ ಆರುವ ಮಿಷಿನ್ನು

ಹೊಗೆಸೊಪ್ಪಿನ ಹರಾಜೆಲ್ಲ ಮುಗಿದು ಬಿಸಿಲು ಬಲಿಯುತ್ತಿದ್ದ ಕಾಲದಲ್ಲಿ ನನ್ನ ಕಂಪ್ಯೂಟರು ನಡುನಡುವೆ ಪ್ರಾಣ ಬಿಡೋದಕ್ಕೆ ಶುರು ಮಾಡಿತು. ಈಗ ತಾನೇ ಚೆನ್ನಾಗಿರುತ್ತಿತ್ತು, ಪಿಂಚಣಿಯೋ ಅರ್ಜಿಯೋ ಪರದೆ ಮೇಲೆ ತೆರೆದುಕೊಂಡಿರುತ್ತಿತ್ತು. ನೋಡನೋಡುತ್ತಾ ಪರದೆಯೆಲ್ಲ ನೀಲಿಯಾಗಿ, ಇಂಗ್ಲಿಷಿನಲ್ಲಿ ಏನೋ ಗೊಣಗಿ, ತಾನೇ ಆರಿ ತಾನೇ ಹೊತ್ತಿಕೊಳ್ಳುತ್ತಿತ್ತು. ಹಳೇ ಮಿಷಿನ್ನು ಬೇರೆ. ಅದು ಎದ್ದು ಮತ್ತೆ ಕೆಲಸಕ್ಕೆ ಬರೋ ಹೊತ್ತಿಗೆ ನಾನು ಒಂದು ಮೊರ ಅಕ್ಕಿ ಆರಿಸಿಬಿಡಬಹುದಿತ್ತು. "ಹಾಳಾದ್ದೇ, ನಿನ್ ಮುಖಕ್ಕಿಷ್ಟು" ಅಂತ ನಾನು ಬೈಯುತ್ತಿದ್ದೆ. ಕಾಯುತ್ತಾ ಕೂತವರು ನಗುತ್ತಿದ್ದರು.

ನನ್ನ ಮನೆ ಪಿರಿಯಾಪಟ್ಟಣದಿಂದ ಬೆಟ್ಟದಪುರಕ್ಕೆ ಹೋಗುವ ರಸ್ತೆಯಲ್ಲಿ, ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿದೆ. ಮದುವೆಗೆ ಮುಂಚೆ ಹುಣಸೂರಿನಲ್ಲಿ ಟೈಪಿಂಗ್ ಕಲಿತಿದ್ದೆ. ಯಜಮಾನರು ತೀರಿಕೊಂಡ ಮೇಲೆ ಆ ವಿದ್ಯೆಯನ್ನೇ ನೆಚ್ಚಿಕೊಂಡು ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರು ಹಾಕಿಕೊಂಡು ಕೂತೆ. ಪಹಣಿ ತೆಗೆದುಕೊಡೋದು, ಜಾತಿ ಆದಾಯದ ಅರ್ಜಿ ಹಾಕೋದು, ಲಗ್ನಪತ್ರಿಕೆ ಟೈಪು ಮಾಡೋದು, ತಿಂಗಳಿಗೊಂದು ಸಲ ಪಿಂಚಣಿಯವರ ಬೆರಳು ಒತ್ತಿಸಿಕೊಂಡು ಅವರ ದುಡ್ಡು ಅವರ ಕೈಗೆ ಕೊಡೋದು. ಸುತ್ತಲ ಹಳ್ಳಿಯವರು ನನ್ನನ್ನು ಕಂಪ್ಯೂಟ್ರಮ್ಮ ಅಂತಲೇ ಕರೆಯುತ್ತಾರೆ. ನನ್ನ ಹೆಸರು ಅವರಿಗೆ ಮರೆತೇ ಹೋಗಿದೆ.

ಒಂದು ಕಾಲಕ್ಕೆ ಇದೇ ಮನೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅತ್ತೆ, ನಾವು ಗಂಡಹೆಂಡಿರು, ಮಗಳು, ಮೈದುನ, ಓರಗಿತ್ತಿ, ಅವರ ಮಕ್ಕಳು. ಅತ್ತೆ ಹೋದರು, ಯಜಮಾನರು ಹೋದರು, ಮಗಳನ್ನು ಎಚ್.ಡಿ. ಕೋಟೆ ಕಡೆಗೆ ಕೊಟ್ಟೆವು. ಹೋದ ದೀಪಾವಳಿ ಕಳೆದ ಮೇಲೆ ಮೈದುನನೂ ಓರಗಿತ್ತಿಯೂ ಮಕ್ಕಳನ್ನು ಕಟ್ಟಿಕೊಂಡು ಅವಳ ತವರಿನ ಕಡೆ, ಕೆ.ಆರ್. ನಗರದ ನಾಲೆ ಬಯಲಿಗೆ, ಗದ್ದೆ ಮಾಡಲು ಹೊರಟರು. ಜಗಳವಿಲ್ಲ, ಪಂಚಾಯ್ತಿಯಿಲ್ಲ. ಜಗಳ ಆಡಿಯಾದರೂ ಹೋಗಿದ್ದರೆ ಅವರನ್ನು ಬೈದುಕೊಂಡು ಹೊತ್ತು ಕಳೆಯುತ್ತಿದ್ದೆ. ಒಳ್ಳೆಯವರಾಗಿಯೇ ಹೋದರು, ಹಾಗಾಗಿ ಆ ಸುಖವೂ ನನಗೆ ಸಿಗಲಿಲ್ಲ.

ಇದ್ದದ್ದನ್ನು ಇದ್ದಹಾಗೆ ಹೇಳಿಬಿಡುತ್ತೇನೆ. ಆ ಮಿಷಿನ್ನು ಕೆಟ್ಟರೆ ನನಗೆ ಊಟಕ್ಕೇನೂ ತತ್ವಾರ ಬರುತ್ತಿರಲಿಲ್ಲ. ಹೊಲವನ್ನು ಬೆಳೆಯ ಪಾಲಿಗೆ, ವಾರಕ್ಕೆ ಕೊಟ್ಟಿದ್ದೇನೆ, ಒಬ್ಬಳ ಹೊಟ್ಟೆ ಎಷ್ಟು ಮಹಾ. ಆದರೆ ಅದು ಕೆಟ್ಟರೆ ನನ್ನ ಹೊಸ್ತಿಲು ದಾಟುವವರು ಯಾರೂ ಇರುತ್ತಿರಲಿಲ್ಲ. ಜನ ಬರುತ್ತಿದ್ದದ್ದು ಮಿಷಿನ್ನಿಗೆ, ನನಗಲ್ಲ. ಬಾಗಿಲು ತೆರೆದಿದ್ದರೂ ಬೆಳಗಿನಿಂದ ಸಂಜೆವರೆಗೆ ಒಂದು ನರಪಿಳ್ಳೆಯೂ ಇಣುಕದ ಭಾನುವಾರಗಳನ್ನು ನಾನು ನೋಡಿದ್ದೆ. ಅಂಥ ದಿನ ಸಾಯಂಕಾಲ ಯಾರಾದರೂ ಫೋನು ಮಾಡಿದರೆ, ಇಡೀ ದಿನ ಬಾಯಿ ತೆರೆಯದ್ದಕ್ಕೆ ಮೊದಲ ಮಾತು ಸರಿಯಾಗಿ ಹೊರಡುತ್ತಲೇ ಇರಲಿಲ್ಲ.

ಬರುವವರಲ್ಲಿ ಎಲ್ಲರೂ ಒಂದು ತೂಕ, ದೊಡ್ಡವ್ವ ಒಂದು ತೂಕ. ಅವಳು ನನಗೆ ನೆಂಟಳೂ ಅಲ್ಲ, ಒಂದೇ ಊರಿನವಳೂ ಅಲ್ಲ. ಒಳಗಿನ ಒಂದು ಸಣ್ಣ ಹಳ್ಳಿಯವಳು. ಅಲ್ಲಿಂದ ಮಣ್ಣಿನ ದಾರಿಯಲ್ಲಿ ಡಾಂಬರು ರಸ್ತೆವರೆಗೆ ನಡೆದು, ಬಸ್ಸು ಹಿಡಿದು ಪಿಂಚಣಿಗೆ ಬರುತ್ತಿದ್ದಳು. ನಾನು ದೊಡ್ಡವ್ವ ಅನ್ನುತ್ತಿದ್ದೆ, ಅವಳು ನನ್ನನ್ನು ಮಗ ಅನ್ನುತ್ತಿದ್ದಳು. ತಮ್ಮನ ಮಗನ ಮನೆಯ ಪಕ್ಕದಲ್ಲಿ ಒಂದು ಕೋಣೆ ಅವಳದು. ಗಂಡ ಇಲ್ಲ, ಮಕ್ಕಳಾಗಲಿಲ್ಲ. ಕೂಲಿ ಮಾಡಿದ ಕೈ, ಬೆರಳಿನ ಗೆರೆಯೆಲ್ಲ ಸವೆದುಹೋಗಿತ್ತು. ಅವಳ ಮಾತು ಮಾತ್ರ ಸವೆದಿರಲಿಲ್ಲ. ಯಾರ ಮನೆಯ ಸೊಸೆ ಎಷ್ಟು ಉಪ್ಪು ಹಾಕುತ್ತಾಳೆ ಅನ್ನುವುದರಿಂದ ಹಿಡಿದು ತಾನು ಚಿಕ್ಕವಳಿದ್ದಾಗ ಕಾಡಂಚಿನಲ್ಲಿ ಆನೆ ಕಂಡು ರಾಗಿ ಮೆದೆ ಹತ್ತಿದ್ದರವರೆಗೆ ಹೇಳುತ್ತಿದ್ದಳು. ಆನೆ ಕಥೆಯಲ್ಲಿ ಪ್ರತಿ ಸಲವೂ ಆನೆ ಸ್ವಲ್ಪ ದೊಡ್ಡದಾಗುತ್ತಿತ್ತು. ನಾನು ಕೇಳಿ ಕೇಳಿ ನಗುತ್ತಿದ್ದೆ.

ತುಂಬಾ ಮರ್ಯಾದಸ್ಥೆ. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಡುತ್ತಿದ್ದಳು. ಅಷ್ಟು ಸಾಲದು ಅಂತ ಹೊರಗಿನ ನಲ್ಲಿಯಲ್ಲಿ ಕಾಲು ತೊಳೆದುಕೊಂಡು, ಒದ್ದೆ ಕಾಲಲ್ಲೇ ಒಳಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು. "ದೂಳು ಕಣ್ ಮಗ, ನಿನ್ ಮನೆ ಗಲೀಜಾಗ್ತದೆ" ಅನ್ನುತ್ತಿದ್ದಳು. ಅದಕ್ಕೆ ತದ್ವಿರುದ್ಧ ನಮ್ಮೂರಿನ ಒಬ್ಬ ಹಿರಿಯ, ವರಸೆಯಲ್ಲಿ ನನಗೆ ಮಾವ ಆಗಬೇಕು. ಅವರು ಚಪ್ಪಲಿ ಕಳಚಿದ್ದನ್ನು ನಾನು ನೋಡೇ ಇಲ್ಲ. ಸಗಣಿ ತುಳಿದಿದ್ದರೂ ಸರಿ, ನೆಟ್ಟಗೆ ನಡೆದು ಬಂದು ಬೆರಳು ಚಾಚುವರು. ಹೇಳಿ ಹೇಳಿ ನನ್ನ ಬಾಯಿ ಬಿದ್ದುಹೋಗಿತ್ತು. "ವಯಸ್ಸಾಯ್ತು ಕಣವ್ವ, ಬಗ್ಗಕ್ಕಾಗಲ್ಲ" ಅನ್ನುತ್ತಿದ್ದರು. ಬೀಡಿ ಬಿದ್ದರೆ ಮಾತ್ರ ಚೆನ್ನಾಗಿಯೇ ಬಗ್ಗುತ್ತಿದ್ದರು.

ಆ ಬೇಸಿಗೆಯ ಮೊದಲ ಪಿಂಚಣಿ ದಿನ ದೊಡ್ಡವ್ವ ಬೆರಳಿಟ್ಟಳು, ಮಿಷಿನ್ನು ಆರಿತು. ಮತ್ತೆ ಎದ್ದಿತು. ಇಟ್ಟಳು, ಮತ್ತೆ ಆರಿತು. ಅವಳು ಬೆಚ್ಚಿ ಕೈ ಎಳೆದುಕೊಂಡಳು. ಹೆದರಿಕೆಗೆ ಹಾಗೆ ಮಾಡಿದಳು ಅಂದುಕೊಂಡೆ. ಅದು ಏಳುವವರೆಗೆ ಒಂದು ಲೋಟ ಕಾಫಿ ಕೊಟ್ಟೆ. ಆನೆ ಬಂತು, ರಾಗಿ ಮೆದೆ ಬಂತು, ಅವಳ ಬಸ್ಸು ಬಂದು ಹೋಗೇ ಹೋಯಿತು. ಮುಂದಿನ ಬಸ್ಸಿನವರೆಗೆ ಕೂತಳು. ಕೊನೆಗೆ ಹೇಗೋ ಅವಳ ಕೆಲಸ ಆಯಿತು. ಮುಂದಿನ ತಿಂಗಳೂ ಇದೇ ಪಾಡು. ಮಿಕ್ಕವರಲ್ಲೂ ಒಬ್ಬಿಬ್ಬರಿಗೆ ಹೀಗಾಗುತ್ತಿತ್ತು, ಆದರೆ ದೊಡ್ಡವ್ವ ಬೆರಳಿಟ್ಟರೆ ಮಾತ್ರ ತಪ್ಪುತ್ತಲೇ ಇರಲಿಲ್ಲ.

ನಾನು ಸುಮ್ಮನೆ ಕೂರುವ ಜಾತಿಯಲ್ಲ. ಕಂಪ್ಯೂಟರಿನ ಡಬ್ಬಿಯನ್ನು ಹಳೇ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡು ಹುಣಸೂರಿಗೆ ಹೋದೆ. ಪಕ್ಕದಲ್ಲಿ ಕೂತ ಹೆಂಗಸು "ಎಷ್ಟು ತಿಂಗಳು?" ಅಂತ ತಮಾಷೆ ಮಾಡಿದಳು. ರಿಪೇರಿ ಅಂಗಡಿಯವರು ಅದನ್ನು ಇಟ್ಟುಕೊಂಡು, ಒಳಗಿನ ತಂತ್ರಾಂಶವನ್ನೆಲ್ಲ ಅಳಿಸಿ ಹೊಸದಾಗಿ ಹಾಕಿ, ನಾನು ಜೊತೆಗೆ ಒಯ್ದಿದ್ದ, ಬೆರಳು ಒತ್ತಿಸಿಕೊಳ್ಳುವ ಸಣ್ಣ ಡಬ್ಬಿಯನ್ನೂ ಚುಚ್ಚಿ ನೋಡಿದರು. ಅಲ್ಲಿ ಅದು ಒಂದು ಸಲವೂ ಆರಲಿಲ್ಲ. ಡಾಕ್ಟರ ಮುಂದೆ ಕೂತ ಕೂಡಲೇ ಕೆಮ್ಮು ನಿಲ್ಲುತ್ತದಲ್ಲ, ಹಾಗೆ.

"ಮಿಷಿನ್ನಲ್ಲೇನೂ ಇಲ್ಲ ಮೇಡಂ. ಹೊರಗಿಂದ ಏನೇನೋ ಚುಚ್ಚಿಕೊಂಡಿರ್ತೀರಲ್ಲ, ಅದರಲ್ಲಿ ಯಾವುದೋ ಕಿತಾಪತಿ ಮಾಡ್ತಿದೆ. ಎಲ್ಲಾ ಕಿತ್ತು, ಒಂದೊಂದೇ ಹಾಕಿ ನೋಡಿ" ಅಂದರು ಅಂಗಡಿಯವರು.

ಮನೆಗೆ ತಂದು ಹಾಗೇ ಮಾಡಿದೆ. ಪ್ರಿಂಟರು, ಕ್ಯಾಮರಾ, ಸ್ಪೀಕರು, ಬೆರಳಿನ ಡಬ್ಬಿ, ಎಲ್ಲದರ ಬಾಲವನ್ನೂ ಕಿತ್ತೆ. ಬೋಳು ಕಂಪ್ಯೂಟರು ಎರಡು ದಿನ ಬಂಗಾರದ ಹಾಗೆ ನಡೆಯಿತು. ಆದರೆ ಬೋಳು ಕಂಪ್ಯೂಟರು ಕಟ್ಟಿಕೊಂಡು ನಾನೇನು ಮಾಡಲಿ? ಮೊದಲು ಪ್ರಿಂಟರು ಚುಚ್ಚಿದೆ, ಏನೂ ಆಗಲಿಲ್ಲ. ಕ್ಯಾಮರಾ ಚುಚ್ಚಿದೆ, ಏನೂ ಆಗಲಿಲ್ಲ. ಸ್ಪೀಕರು ಚುಚ್ಚಿ ಒಂದು ಭಜನೆಯನ್ನೂ ಹಾಕಿದೆ, ಸುಸೂತ್ರ. ಕೊನೆಗೆ ಬೆರಳಿನ ಡಬ್ಬಿ. ಹತ್ತೂ ಬೆರಳಿಟ್ಟು ನೋಡಿದೆ, ಒಂದಕ್ಕೂ ಅದು ಕೊಸರಲಿಲ್ಲ. ನನಗೆ ಹಿಮ್ಮಡಿ ನೋವು, ಮನೆಯೊಳಗೂ ಹವಾಯಿ ಚಪ್ಪಲಿ ಹಾಕಿಯೇ ಓಡಾಡುತ್ತೇನೆ. ಆ ಮಾತನ್ನು ಇಲ್ಲಿ ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ. ಅವತ್ತು ನನಗೇ ಗೊತ್ತಿರಲಿಲ್ಲ.

ಯಾವುದಕ್ಕೂ ಇರಲಿ ಅಂತ ಬೆರಳಿನ ಡಬ್ಬಿಯನ್ನೇ ಹೊಸದು ತರಿಸಿದೆ. ಪಿಂಚಣಿ ದಿನ ಬಂತು. ಕೋಣೆ ತುಂಬಾ ಜನ. ಮಾವ ಚಪ್ಪಲಿ ಸಮೇತ ಬಂದು ಬೆರಳಿಟ್ಟರು, ಕಣ್ಣು ಮಿಟುಕಿಸುವುದರಲ್ಲಿ ಆಯಿತು. ದೊಡ್ಡವ್ವ ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಬಂದಳು. ಕಣ್ಣು ಮುಚ್ಚಿ, ತುಟಿ ಕುಣಿಸಿ ಏನೋ ಅಂದುಕೊಂಡು ಹೊಸ ಡಬ್ಬಿಯ ಮೇಲೆ ಬೆರಳಿಟ್ಟಳು. ಪರದೆ ನೀಲಿಯಾಯಿತು.

"ಅಯ್ಯೋ, ನೀನು ಹೊಸ್ತಿಲು ದಾಟುದ್ರೆ ಸಾಕು ಕಣಮ್ಮಿ, ಅದು ಗೊಟಕ್ ಅಂತದೆ" ಅಂದರು ಮಾವ. "ಕಾಲ್ಗುಣ ಕಣ್ರೀ, ಕಾಲ್ಗುಣ! ನಾನಿಟ್ರೆ ನೋಡಿ, ಹೂವೆತ್ತಿದಂಗೆ ಆಯ್ತು."

ಜನ ನಕ್ಕರು. ಕೆಟ್ಟ ನಗುವೇನಲ್ಲ, ಬಸ್ಸಿಗೆ ಕಾಯುವಾಗ ನಗುತ್ತಾರಲ್ಲ, ಅಂಥದು. ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. "ಮಾವ, ಕಾಲ್ಗುಣ ಆಮೇಲೆ ನೋಡುವ, ಮೊದ್ಲು ಆ ಕೆರ ಬಿಟ್ಟು ಒಳಗೆ ಬನ್ನಿ" ಅಂದೆ. ಅವರು ಮೀಸೆ ತಿರುವಿಕೊಂಡರು. ದೊಡ್ಡವ್ವ ಮಾತ್ರ ನಗಲೂ ಇಲ್ಲ, ತಿರುಗಿ ಒಂದು ಮಾತೂ ಅನ್ನಲಿಲ್ಲ. ಮಾವನಿಗೆ ಹೇಳಬೇಕಾದ್ದನ್ನು ಬಡ್ಡಿ ಸಮೇತ ಹೇಳುವ ಹೆಂಗಸು ಅವಳು! ಮುಖ ಸಣ್ಣಗೆ ಮಾಡಿಕೊಂಡು, ಮಿಷಿನ್ನು ಏಳುವವರೆಗೂ ಕಾಯದೆ, ಕಾಫಿಯೂ ಬೇಡವೆಂದು ಎದ್ದುಹೋದಳು. ಮುಂದಿನ ತಿಂಗಳು ಬರಲೇ ಇಲ್ಲ. ಪಿರಿಯಾಪಟ್ಟಣಕ್ಕೇ ಹೋಗಿ ಸಾಲಿನಲ್ಲಿ ನಿಂತು ತೆಗೆದುಕೊಳ್ಳುತ್ತಾಳಂತೆ ಅಂತ ಅವರ ಹಳ್ಳಿಯವರು ಹೇಳಿದರು. ಆ ವಯಸ್ಸಿನಲ್ಲಿ, ಆ ಬಿಸಿಲಿನಲ್ಲಿ.

ಆ ಸುದ್ದಿ ಕೇಳಿದ ದಿನ ಸಂಜೆ ಬಾಗಿಲು ಹಾಕಿಕೊಂಡು ಕೂತೆ. ಅಳು ಬಂತು. ಯಾರೂ ಇಲ್ಲದ ಮನೆಯಲ್ಲಿ ಅಳುವುದಕ್ಕೂ ಒಂದು ಬೇಜಾರು, ಯಾಕೆ ಅಂತ ಕೇಳುವವರು ಬೇಕಲ್ಲ. ನನ್ನ ಮಿಷಿನ್ನಿನ ದೆಸೆಯಿಂದ ಒಬ್ಬ ಒಳ್ಳೇ ಹೆಂಗಸಿಗೆ ಕೆಟ್ಟ ಕಾಲ್ಗುಣದವಳು ಅನ್ನುವ ಹೆಸರು ಬಂತು. ನನಗೆ ಇದ್ದ ಒಂದೇ ಒಂದು ಜೊತೆಯೂ ಹೋಯಿತು. ಇದರ ಮೂಲ ಕಂಡುಹಿಡಿಯದೆ ಬಿಡಲ್ಲ, ಅವಳನ್ನು ಅದೇ ಸ್ಟೂಲಿನ ಮೇಲೆ ಕೂರಿಸಿ, ಅದೇ ಮಾವನ ಮುಂದೆ ಬೆರಳಿಡಿಸದಿದ್ದರೆ ನಾನು ಟೈಪಿಂಗ್ ಕಲಿತದ್ದೇ ದಂಡ ಅಂದುಕೊಂಡೆ.

ತಂತಿಗಳನ್ನು ಬದಲಾಯಿಸಿದೆ. ಡಬ್ಬಿಯನ್ನು ಹಿಂದಿನ ತೂತಿಗೆ, ಮುಂದಿನ ತೂತಿಗೆ ಚುಚ್ಚಿ ನೋಡಿದೆ. ಬಂದವರನ್ನೆಲ್ಲ ಬೆರಳಿಡಿ ಅಂತ ಪೀಡಿಸಿದೆ. ಒಬ್ಬರಿಗೆ ಆರುತ್ತಿತ್ತು, ಇನ್ನೊಬ್ಬರಿಗೆ ಆರುತ್ತಿರಲಿಲ್ಲ. ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಒಂದು ಗಳಿಗೆ ನನಗೂ, ಈ ಕಾಲ್ಗುಣ ಅನ್ನೋದು ನಿಜ ಇರಬಹುದೇನೋ ಅನ್ನಿಸಿಬಿಟ್ಟಿತ್ತು.

ಗೊತ್ತಾಗಿದ್ದು ನೆಲ ಒರೆಸುವಾಗ. ಒಂದು ಬೆಳಗ್ಗೆ ಮುಂದಿನ ಕೋಣೆಗೆ ನೀರು ಹಾಕಿ ಒರೆಸುತ್ತಿದ್ದೆ. ಚಪ್ಪಲಿ ನೆನೆದು ಜಾರುತ್ತದೆ ಅಂತ ಬಾಗಿಲ ಹತ್ತಿರ ಬಿಟ್ಟಿದ್ದೆ. ಟೇಬಲ್ಲು ಒರೆಸುವಾಗ ಬೆರಳಿನ ಡಬ್ಬಿಯ ಅಂಚಿಗಿರುವ ತಗಡಿಗೆ ಕೈ ತಗುಲಿತು. ಜುಮ್ ಅಂತ ಮೊಣಕೈವರೆಗೆ ಹರಿಯಿತು. ತಿರುಗಿ ನೋಡುತ್ತೇನೆ, ಪರದೆ ನೀಲಿ!

ಹಾಗೇ ನಿಂತೆ. ಮಿಷಿನ್ನು ಏಳುವವರೆಗೆ ಕಾದು, ಚಪ್ಪಲಿ ಹಾಕಿಕೊಂಡು ಮುಟ್ಟಿದೆ. ಏನೂ ಇಲ್ಲ. ಚಪ್ಪಲಿ ಬಿಟ್ಟು, ಒದ್ದೆ ನೆಲದ ಮೇಲೆ ನಿಂತು, ಹಲ್ಲು ಕಚ್ಚಿಕೊಂಡು ಬೆರಳ ತುದಿ ತಾಗಿಸಿದೆ. ಜುಮ್. ನೀಲಿ. ಹುಚ್ಚಿಯ ಹಾಗೆ ಒಬ್ಬಳೇ ನಗತೊಡಗಿದೆ. ಹುಣಸೂರಿನ ಅಂಗಡಿಯವರು ಬೂಟು ಹಾಕಿದ್ದರು. ಮಾವ ಕೆರ ಬಿಡುವುದಿಲ್ಲ. ನಾನು ಹಿಮ್ಮಡಿ ನೋವಿನವಳು. ಮರ್ಯಾದೆಯಿಂದ ಚಪ್ಪಲಿ ಹೊರಗೆ ಬಿಟ್ಟು ಬಂದವರಿಗೇ ಅದು ಕೈ ಕೊಡುತ್ತಿತ್ತು. ಅದರಲ್ಲೂ ಕಾಲು ತೊಳೆದುಕೊಂಡು ಬಂದವಳಿಗೆ ತಪ್ಪದೆ ಕೊಡುತ್ತಿತ್ತು. ಪಾಪ, ದೊಡ್ಡವ್ವ ಬೆಚ್ಚಿದ್ದು ಹೆದರಿಕೆಗಲ್ಲ. ಅವಳಿಗೆ ಕರೆಂಟು ಹೊಡೆಯುತ್ತಿತ್ತು. ಮಿಷಿನ್ನು ಬೆರಳಿಂದ ಏನೋ ಎಳೆದುಕೊಳ್ಳುತ್ತದೆ, ಅದರ ಪದ್ಧತಿಯೇ ಹಾಗೆ ಅಂದುಕೊಂಡಿರಬೇಕು, ಅವಳಾಗಲಿ ಮಿಕ್ಕವರಾಗಲಿ ಬಾಯಿ ಬಿಟ್ಟಿರಲಿಲ್ಲ.

ಟೆಸ್ಟರ್ ತಂದು ಕಂಪ್ಯೂಟರಿನ ತಗಡಿಗೆ ಇಟ್ಟೆ. ಒಳಗಿನ ಸಣ್ಣ ದೀಪ ಕೆಂಪಗೆ ಹತ್ತಿಕೊಂಡಿತು. ನಮ್ಮ ಮನೆಗೆ ಹಿಂದೆ ವೈರಿಂಗ್ ಮಾಡಿದವರಿಗೇ ಫೋನು ಮಾಡಿದೆ. ಅವರು ಬಂದು, ಒಳಗೆಲ್ಲ ನೋಡಿ, ಸೀದಾ ಹಿತ್ತಲಿಗೆ ಹೋದರು. ಅಲ್ಲಿ ಪಾತ್ರೆ ತೊಳೆಯುವ ಕಲ್ಲಿನಿಂದ ಒಂದಷ್ಟು ದೂರದಲ್ಲಿ ಅರ್ತಿಂಗ್ ಗುಂಡಿ ಇದೆ. ಎಲ್ಲಾದರೂ ಕರೆಂಟು ಸೋರಿದರೆ ಅದು ಮನುಷ್ಯರ ಮೈಗೆ ಹರಿಯದೆ ನೆಲಕ್ಕೆ ಇಳಿದುಹೋಗಲಿ ಅಂತ ಇದ್ದಲು, ಉಪ್ಪು ತುಂಬಿ ಕೊಳವೆ ಹೂತಿರುತ್ತಾರಲ್ಲ, ಅದು. ಆ ಮಣ್ಣು ಯಾವಾಗಲೂ ಹಸಿಯಾಗಿರಬೇಕು. ವೈರಿಂಗಿನವರು ಹಾರೆಯಲ್ಲಿ ಕುಕ್ಕಿದರು. ಆ ವರ್ಷ ಮಳೆಯೂ ತಡವಾಗಿತ್ತು, ಒಣಗಿ ಬಿರಿದ ಮಣ್ಣು ಟಣ್ ಅಂದಿತು.

"ಒಂದ್ ತೊಟ್ಟು ನೀರಿಲ್ವಲ್ಲ ಅಕ್ಕ. ಕರೆಂಟು ಇಳಿಯಾದಾದ್ರೂ ಎಲ್ಗೆ? ಎಲ್ಲಿ ದಾರಿ ಸಿಕ್ತದೋ ಅಲ್ಗೆ ನುಗ್ತದೆ. ಒದ್ದೆ ಕಾಲೋರು ಮುಟ್ಟುದ್ರೆ ಅವ್ರೇ ಅದ್ಕೆ ದಾರಿ. ಆ ಏಟಿಗೆ ನಿಮ್ ಕಂಪ್ಯೂಟ್ರು ಬೆಚ್ಚಿ ಬೀಳ್ತದೆ" ಅಂದರು. ಆಮೇಲೆ ಸುತ್ತ ನೋಡಿ ಕೇಳಿದರು, "ಮುಂಚೆ ಇಲ್ಲಿ ಜೌಗು ಇರ್ತಿತ್ತಲ್ಲ ಅಕ್ಕ, ನಾನ್ ಬಂದಾಗೆಲ್ಲ ಚಪ್ಲಿ ಕೆಸರಲ್ಲಿ ಊತ್ಕೊತಿತ್ತು. ಆ ನೀರೆಲ್ಲ ಏನಾಯ್ತು?"

ನಾನು ಪಾತ್ರೆ ತೊಳೆಯುವ ಕಲ್ಲಿನ ಕಡೆ ನೋಡಿದೆ. ಆ ನೀರು ಏನಾಯಿತು ಅಂತ ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ನಾನೂ ಓರಗಿತ್ತಿಯೂ ಎದುರುಬದುರು ಕುಕ್ಕರುಗಾಲಲ್ಲಿ ಕೂತು, ಇಡೀ ಮನೆಯ ತಟ್ಟೆ, ಲೋಟ, ಮುದ್ದೆ ಪಾತ್ರೆ, ಅನ್ನದ ತಪ್ಪಲೆ ಎಲ್ಲ ತಿಕ್ಕುತ್ತಿದ್ದೆವು. ಒಂದು ಹೊತ್ತಿಗೆ ಒಂದು ಗುಡ್ಡೆ ಪಾತ್ರೆ. ಅವಳು ಬೂದಿ ಹಾಕಿ ತಿಕ್ಕಿದರೆ ನಾನು ತೊಳೆಯೋದು. ನಮ್ಮ ಜಗಳ, ನಮ್ಮ ಗುಟ್ಟು, ಅತ್ತೆಯ ಮೇಲಿನ ದೂರು ಎಲ್ಲ ಆ ಕಲ್ಲಿನ ಮೇಲೇ ನಡೆಯುತ್ತಿತ್ತು. ಆ ನೀರೆಲ್ಲ ಹರಿದು ಹೋಗಿ ಗುಂಡಿಯ ಸುತ್ತ ನಿಲ್ಲುತ್ತಿತ್ತು. ಅದಕ್ಕೆ ನೀರು ಹೊಯ್ಯಬೇಕು ಅಂತ ಯಾರೂ ಯಾರಿಗೂ ಹೇಳಿರಲಿಲ್ಲ, ಹೇಳುವ ಪ್ರಸಂಗವೇ ಬಂದಿರಲಿಲ್ಲ. ಈಗ ನನ್ನದು ಒಂದು ತಟ್ಟೆ, ಒಂದು ಲೋಟ, ಒಂದು ಸಣ್ಣ ಪಾತ್ರೆ. ಒಬ್ಬಳ ತಟ್ಟೆ ತೊಳೆದ ನೀರು ಅಷ್ಟು ದೂರ ಹರಿಯುವುದಿಲ್ಲ. ಕಲ್ಲಿನ ಬುಡದಲ್ಲೇ ಇಂಗಿಹೋಗುತ್ತದೆ.

ವೈರಿಂಗಿನವರು ಗುಂಡಿ ಬಿಡಿಸಿ, ಹೊಸದಾಗಿ ಇದ್ದಲು, ಉಪ್ಪು ತುಂಬಿ, ತುಕ್ಕು ಹಿಡಿದ ತಂತಿ ಬದಲಾಯಿಸಿಕೊಟ್ಟರು. ಕೊಡಗಟ್ಟಲೆ ನೀರು ಹೊಯ್ದೆವು, ಮಣ್ಣು ಗುಳುಗುಳು ಅಂತ ಕುಡಿಯಿತು. "ಮಳೆ ಹಿಡಿಯಗಂಟ ದಿನಾ ಬಕೆಟ್ಟು ನೀರು ಹೊಯ್ಯಿರಿ ಅಕ್ಕ, ಮರೀಬ್ಯಾಡಿ. ಯಾರಿಗಾದ್ರೂ ಕರೆಂಟು ಜೋರಾಗಿ ಒಡುದ್ರೆ ಕಷ್ಟ" ಅಂದು ಹೋದರು. ಒಳಗೆ ಬಂದು ಕಾಲು ಒದ್ದೆ ಮಾಡಿಕೊಂಡು ಬೆರಳಿಟ್ಟೆ. ಏನೂ ಆಗಲಿಲ್ಲ. ಒಂದೇ ಸಮನೆ ಇಟ್ಟೆ, ಏನೂ ಆಗಲಿಲ್ಲ. ಟೆಸ್ಟರ್ ಕೂಡ ಹತ್ತಲಿಲ್ಲ.

ಕೆ.ಆರ್. ನಗರಕ್ಕೆ ಓರಗಿತ್ತಿಗೆ ಫೋನು ಮಾಡಿ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. "ನಾನ್ ಬುಟ್ಟೋದ್ಮೇಲೆ ಕಂಪ್ಯೂಟ್ರಿಗೂ ನನ್ ಬೆಲೆ ಗೊತ್ತಾಯ್ತಾ ಅಕ್ಕ?" ಅಂದಳು. ಅವಳ ಕಡೆ ಯಾರೋ ಮಕ್ಕಳು ಕೂಗುತ್ತಿದ್ದರು, ಪಾತ್ರೆ ಸದ್ದಾಗುತ್ತಿತ್ತು. "ಸಾರು ಒಲೆ ಮೇಲೈತೆ ಅಕ್ಕ, ಆಮೇಲ್ ಮಾಡ್ತೀನಿ" ಅಂತ ಇಟ್ಟಳು.

ಮಾರನೇ ದಿನವೇ ಬಸ್ಸು ಹತ್ತಿ, ಮಣ್ಣಿನ ದಾರಿಯಲ್ಲಿ ನಡೆದು ದೊಡ್ಡವ್ವನ ಹಳ್ಳಿಗೆ ಹೋದೆ. ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದೇ ನಿಂತಳು, ಕೈಯೆಲ್ಲ ಹುಳಿ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಗುಂಡಿ ಒಣಗಿದ್ದು, ಒದ್ದೆ ಕಾಲು, ಮಾವನ ಕೆರ. ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ.

"ನಿಂದೇನೂ ಇಲ್ಲ ದೊಡ್ಡವ್ವ. ನಿನ್ ಕಾಲ್ಗುಣಾನೂ ಅಲ್ಲ, ಗಿಲ್ಗುಣಾನೂ ಅಲ್ಲ. ತಪ್ಪೆಲ್ಲ ನಮ್ಮನೆ ಗುಂಡೀದು" ಅಂದೆ.

"ಅಂಗನ್ಬ್ಯಾಡ ಬುಡು ಮಗ. ನಂದೂ ಐತೆ" ಅಂದಳು ತಲೆ ತಗ್ಗಿಸಿಕೊಂಡು.

ಮಾವನ ಮಾತನ್ನೇ ಇನ್ನೂ ನಂಬಿಕೊಂಡಿದ್ದಾಳೆ ಅಂದುಕೊಂಡು ನನಗೆ ರೇಗಿತು. ಪಿಂಚಣಿ ದಿನ ಬರಲೇಬೇಕು, ಬರದಿದ್ದರೆ ನಾನೇ ಬಂದು ಎಳೆದುಕೊಂಡು ಹೋಗುತ್ತೇನೆ ಅಂತ ಜಬರಿಸಿ ಬಂದೆ. ಒಂದು ಗಂಟು ಹುಣಸೆಹಣ್ಣು ಸೆರಗಿಗೆ ಕಟ್ಟಿ ಕಳಿಸಿದಳು.

ಅವಳು ಬಂದಳು. ನಲ್ಲಿಯಲ್ಲಿ ಕಾಲು ತೊಳೆದಳು. ಹೊಸ್ತಿಲ ಹತ್ತಿರ ನಿಂತುಬಿಟ್ಟಳು. ಮಾವ ಆಗಲೇ ಬಂದು ಕೂತಿದ್ದರು. ಬಾಯಿ ತೆರೆಯಲು ಹೋದವರು ನನ್ನ ಮುಖ ನೋಡಿ ಮುಚ್ಚಿಕೊಂಡರು. ನಾನು ಎಲ್ಲರೂ ನೋಡುವ ಹಾಗೆ ಅವಳ ರಟ್ಟೆ ಹಿಡಿದು ಕರೆತಂದು ಸ್ಟೂಲಿನ ಮೇಲೆ ಕೂರಿಸಿದೆ. ಅವಳ ಒದ್ದೆ ಪಾದದ ಗುರುತು ಬಾಗಿಲಿಂದ ಅಲ್ಲಿವರೆಗೂ ಮೂಡಿತ್ತು. ಬೆರಳಿಟ್ಟಳು. ಹಸಿರು ಗುರುತು ಬಂತು, ರಸೀತಿ ಬಂತು. ಅಷ್ಟೇ.

"ಆಯ್ತಾ?" ಅಂದಳು.

"ಆಯ್ತು. ನೋಡಿದ್ರಾ ಮಾವ?" ಅಂದೆ ಜೋರಾಗಿ.

"ಸರ್ಯೋಯ್ತು ಬುಡವ್ವ, ತಮಾಷೆಗಂದ್ರೆ ಇಷ್ಟೊಂದಾ" ಅಂತ ಮಾವ ಬೆರಳಿಟ್ಟು ಎದ್ದುಹೋದರು. ಒಬ್ಬೊಬ್ಬರದೂ ಹಾಗೇ ಚಕಚಕ ಮುಗಿಯಿತು. ಬೆರಳಿಡೋದು, ರಸೀತಿ ತಗೊಳೋದು, 'ಬತ್ತೀನಿ ಕಣವ್ವ' ಅನ್ನೋದು. ಮುಂಚೆ ಊಟದ ಹೊತ್ತಿನವರೆಗೂ ಗಿಜಿಗುಡುತ್ತಿದ್ದ ಕೋಣೆ ಬಿಸಿಲು ಏರುವ ಮೊದಲೇ ಖಾಲಿಯಾಯಿತು. ನಾನು ಬೇಗ ಬೇಗ ಕೆಲಸ ಮಾಡಿ ನನ್ನ ಮನೆಯನ್ನು ನಾನೇ ಬರಿದು ಮಾಡಿಕೊಂಡಿದ್ದೆ. ಉಳಿದವಳು ದೊಡ್ಡವ್ವ ಒಬ್ಬಳೇ. ಅವಳೂ ಎದ್ದು ಸೆರಗು ಸರಿಮಾಡಿಕೊಂಡಳು.

"ಕಾಫಿ ಇಡ್ತೀನಿ ಕೂತ್ಕೊ ದೊಡ್ಡವ್ವ. ಮುಂದಿನ ಬಸ್ಸಿಗೆ ಹೋಗುವಂತೆ."

"ಏನಂತ ಕುಂತ್ಕಳ್ಲಿ ಮಗ? ಮುಂಚೆ ಮಿಷಿನ್ ಕೆಟ್ಟಿತ್ತು, ಅದ್ಕೇ ಒತ್ತಾಯ್ತು ಅಂತಿದ್ದೆ ಮನೇಲಿ. ಈಗ ಅವ್ರಿಗೆ ಏನಂತ ಏಳ್ಲಿ?"

ನನ್ನ ಬಾಯಲ್ಲಿ ಮಾತು ತಾನಾಗಿ ಬಂದುಬಿಟ್ಟಿತು. "ಕಂಪ್ಯೂಟ್ರಮ್ಮಂಗೆ ಒಬ್ಳೇ ಇದ್ದೂ ಇದ್ದೂ ಸಾಕಾಗದೆಯಂತೆ ಅಂತ ಹೇಳು. ನಿಜಾನೇ ಅದು. ನಂಗೆ ಆಗ್ತಿಲ್ಲ ದೊಡ್ಡವ್ವ." ಹೆತ್ತ ಮಗಳಿಗೂ ನಾನು ಅದನ್ನು ಹೇಳಿರಲಿಲ್ಲ.

ಅವಳು ಮೆಟ್ಟಿಲಿಳಿದು ಒಂದು ಚಪ್ಪಲಿ ಮೆಟ್ಟಿದ್ದವಳು ಹಾಗೇ ನಿಂತಳು. ಆಮೇಲೆ ಮತ್ತೆ ಮೇಲೆ ಬಂದು ನನ್ನ ಗದ್ದ ಹಿಡಿದಳು. ಬೆರಳು ಒರಟು, ಇನ್ನೂ ಹುಣಸೆಹಣ್ಣಿನ ವಾಸನೆ.

"ನಿಂಗೊಂದ್ ಮಾತು ಏಳ್ತೀನಿ, ಬೈಬ್ಯಾಡ ಕಣ್ ಮಗ. ಆ ನಲ್ಲೀಲಿ ಕಾಲು ತೊಳಿವಾಗ್ಲೆಲ್ಲ ನಾನು ಬೆಟ್ಟದ ಸ್ವಾಮೀನ ಬೇಡ್ಕತಿದ್ದೆ. ಇವತ್ತೂ ಅದು ಕೆಟ್ಟೋಗ್ಲಿ ಸ್ವಾಮಿ, ಇನ್ನೊಂದ್ ಗಳಿಗೆ ಈ ಮಗೀನ ಜೊತೆ ಕುಂತಿರ್ತೀನಿ ಅಂತ. ಬೇಡ್ಕಂಡಂಗೇ ಕೆಡ್ತಿತ್ತು. ಆ ಮೀಸೆಯೋನು ಅಂದ ಅಂತ ನಾನು ಬರ್ದೆ ಇರ್ಲಿಲ್ಲ, ಅವ್ನ ಮಾತ್ಗೇನು ಬೆಲೆ? ನನ್ ಆಸೆಯಿಂದ ನಿನ್ನ ಅನ್ನಕ್ಕೆ ಕಲ್ಲು ಬೀಳ್ತದಲ್ಲ ಅಂತ ಎದ್ರಿಕಂಡು ಬುಟ್ಬುಟ್ಟೆ."

ಅಷ್ಟರಲ್ಲಿ ಬಸ್ಸು ಬಂದು ಹಾರನ್ ಹೊಡೆಯಿತು. ಕಂಡಕ್ಟರು "ಬತ್ತೀಯಾ ಅಜ್ಜಿ, ಇಲ್ವಾ?" ಅಂತ ಕೂಗಿದ. ಅವಳು ಇನ್ನೊಂದು ಚಪ್ಪಲಿಗೆ ಕಾಲು ತೂರಿಸಿಕೊಂಡು ಓಡಿದಳು. "ಬರೋ ತಿಂಗ್ಳು ಬತ್ತೀನಿ ಕಣ್ ಮಗ" ಅಂತ ಬಸ್ಸಿನ ಬಾಗಿಲಲ್ಲಿ ನಿಂತು ಅಂದಳು. ಬಸ್ಸು ಹೋಯಿತು. ನಾನು ರಸ್ತೆ ನೋಡುತ್ತಾ ನಿಂತಿದ್ದೆ. ಒಳಗೆ ಮಿಷಿನ್ನು ಗುಂಯ್ ಅಂತ ತನ್ನ ಪಾಡಿಗೆ ತಾನು ನಡೆಯುತ್ತಲೇ ಇತ್ತು.

ಮಾರನೇ ಬೆಳಗ್ಗೆ ಬಕೆಟ್ಟು ತುಂಬಿಕೊಂಡು ಹಿತ್ತಲಿಗೆ ಹೋದೆ. ಗುಂಡಿಯ ಮಣ್ಣು ರಾತ್ರಿಯೊಳಗೇ ಮೇಲೆಲ್ಲ ಬೆಳ್ಳಗೆ ಒಣಗಿತ್ತು. ಬಕೆಟ್ಟು ಹಿಡಿದು ಸುಮ್ಮನೆ ನಿಂತೆ. ಹೊಯ್ಯದೆ ಬಿಟ್ಟರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಪಿಂಚಣಿ ದಿನದ ಹೊತ್ತಿಗೆ ಮಣ್ಣು ಬಿರಿಯುತ್ತದೆ, ಅವಳು ಕಾಲು ತೊಳೆದುಕೊಂಡು ಬರುತ್ತಾಳೆ, ಪರದೆ ನೀಲಿಯಾಗುತ್ತದೆ, ಕಾಫಿಗೆ ಹೊತ್ತು ಸಿಗುತ್ತದೆ, ಬಸ್ಸು ತಪ್ಪುತ್ತದೆ. ಕೈ ಸೋತು ಬರುವವರೆಗೂ ನಿಂತಿದ್ದೆ. ಆಮೇಲೆ ಅವಳ ಆ ಸವೆದ ಬೆರಳಿಗೆ ಕರೆಂಟು ಹೊಡೆಯುವುದು ನೆನಪಾಯಿತು. ಬಕೆಟ್ಟನ್ನು ಪೂರ್ತಿ ಬಗ್ಗಿಸಿ ಹೊಯ್ದು, ಇನ್ನೊಂದು ಬಕೆಟ್ಟು ತುಂಬಿಸಲು ಒಳಗೆ ಹೋದೆ.